ಕಂಕುಳ ಕೂಸಿನೊಡನೆ ಕಡಲಾಚೆಗೆ: ದೀರ್ಘ ವಿಮಾನಯಾನಕ್ಕೆ ಮುನ್ನ ತಿಳಿದಿರಬೇಕಾದ ಸಂಗತಿಗಳು

ಬೆಂಗಳೂರಿನ ಜಯನಗರವಾಗಲಿ, ಮೈಸೂರಿನ ಕುವೆಂಪುನಗರವಾಗಲಿ, ದಾವಣಗೆರೆಯ ವಿದ್ಯಾನಗರವಾಗಲಿ, ರಸ್ತೆಗೊಂದು ಮನೆಯ ಮಗನೋ ಮಗಳೋ ಸಾಗರದಾಚೆ ಬದುಕು ಕಟ್ಟಿಕೊಂಡಿರುವುದು ಇಂದು ಸುದ್ದಿಯೇ ಅಲ್ಲ. ಮೊಮ್ಮಗುವನ್ನು ಭಾವಚಿತ್ರದಲ್ಲಷ್ಟೇ ಕಂಡು ತೃಪ್ತಿಪಡುತ್ತಿದ್ದ ಅಜ್ಜ-ಅಜ್ಜಿಯರ ಕಾಲವೂ ಕಳೆದಿದೆ. ಬಾಣಂತನಕ್ಕೆಂದು ತವರಿಗೆ ಬಂದ ಮಗಳು ಐದಾರು ತಿಂಗಳ ಕೂಸನ್ನೆತ್ತಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಮರಳುತ್ತಾಳೆ. ಅಲ್ಲಿಯೇ ಹುಟ್ಟಿದ ಮಗುವಿನ ಮೊದಲ ಹುಟ್ಟುಹಬ್ಬವನ್ನು ಇಲ್ಲಿ ನೆಂಟರಿಷ್ಟರ ನಡುವೆ ಆಚರಿಸಲು ದಂಪತಿ ಹೊರಟು ಬರುತ್ತಾರೆ. ಪತಿಗೆ ಸಿಗುವ ರಜೆ ಎರಡು ವಾರವಷ್ಟೇ ಆದ್ದರಿಂದ, ಎರಡು ಪಯಣಗಳಲ್ಲಿ ಒಂದನ್ನು ತಾಯಿ ಒಬ್ಬಳೇ ಮಗುವಿನೊಡನೆ ಮಾಡಬೇಕಾಗಿ ಬರುವುದೂ ಉಂಟು.

ಈ ಪಯಣ ಸಣ್ಣದಲ್ಲ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳೇ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಎಲ್ಲಿಯೂ ನಿಲ್ಲದೆ ವಿಮಾನ ತಂದಾಗ, ಉತ್ತರ ಧ್ರುವದ ಹಾದಿಯಲ್ಲಿ ಸುಮಾರು 14 ಸಾವಿರ ಕಿಲೋಮೀಟರ್ ಕ್ರಮಿಸಲು 17 ಗಂಟೆ ಹಿಡಿದಿತ್ತು. ಹೆಚ್ಚಿನ ಕುಟುಂಬಗಳು ಕೊಲ್ಲಿ ದೇಶಗಳಲ್ಲೋ ಯುರೋಪಿನಲ್ಲೋ ಆಗ್ನೇಯ ಏಷ್ಯಾದಲ್ಲೋ ವಿಮಾನ ಬದಲಿಸಿಯೇ ಹೋಗುತ್ತವೆ. ಹಾಗೆ ಹೋದರೆ 20ರಿಂದ 24 ಗಂಟೆ. ಮೈಸೂರಿನಿಂದ ಫ್ಲೈಬಸ್ ಹಿಡಿದು ದೇವನಹಳ್ಳಿಗೆ ಬಂದು, ಅಲ್ಲಿ ಮೂರು ಗಂಟೆ ಮೊದಲೇ ಹಾಜರಾಗುವ ಹೊತ್ತನ್ನೂ ಕೂಡಿಸಿದರೆ 30 ಗಂಟೆ ದಾಟುತ್ತದೆ. ದೊಡ್ಡವರೇ ಬಸವಳಿಯುವ ಈ ಹಾದಿಯಲ್ಲಿ ಹಸುಳೆಯ ಸುರಕ್ಷತೆ ಮತ್ತು ನೆಮ್ಮದಿ ಬಹುಮಟ್ಟಿಗೆ ಹೊರಡುವ ಮುನ್ನ ಪೋಷಕರು ಕೈಗೊಳ್ಳುವ ತೀರ್ಮಾನಗಳನ್ನೇ ಅವಲಂಬಿಸಿರುತ್ತದೆ.

ಎಷ್ಟು ದಿನದ ಕೂಸು ಹಾರಬಹುದು?

ಹುಟ್ಟಿ ಒಂದೆರಡು ವಾರ ಕಳೆದ ಶಿಶುವನ್ನು ಹತ್ತಿಸಿಕೊಳ್ಳಲು ಅನೇಕ ವಿಮಾನ ಸಂಸ್ಥೆಗಳು ಒಪ್ಪುತ್ತವೆ. ಆದರೆ ಸಂಸ್ಥೆ ಒಪ್ಪುವುದು ಬೇರೆ, ಮಗುವಿನ ಮೈ ಒಪ್ಪುವುದು ಬೇರೆ. ಅವಸರವಿಲ್ಲದಿದ್ದರೆ ಮೊದಲ ಸುತ್ತಿನ ಲಸಿಕೆಗಳು ಮುಗಿಯುವವರೆಗಾದರೂ ಕಾಯುವುದು ಒಳಿತೆಂಬುದು ಮಕ್ಕಳ ವೈದ್ಯರ ಸಾಮಾನ್ಯ ಸಲಹೆ.

ಇದಕ್ಕೆ ಕಾರಣವಿದೆ. ವಿಮಾನ 35 ಸಾವಿರ ಅಡಿ ಮೇಲೆ ಹಾರುವಾಗ ಒಳಗಿನ ಗಾಳಿಯ ಒತ್ತಡವನ್ನು ಯಂತ್ರಗಳು ಕಾಯ್ದುಕೊಳ್ಳುತ್ತವೆ. ಆದರೂ ಅದು ನೆಲಮಟ್ಟದ ಒತ್ತಡವಲ್ಲ. ಸಮುದ್ರಮಟ್ಟದಿಂದ 6ರಿಂದ 8 ಸಾವಿರ ಅಡಿ ಎತ್ತರದಲ್ಲಿ ಇರುವಷ್ಟೇ ಒತ್ತಡ ಅಲ್ಲಿರುತ್ತದೆ. ನಮ್ಮ ರಾಜ್ಯದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿ 1,930 ಮೀಟರ್, ಅಂದರೆ ಸುಮಾರು 6,300 ಅಡಿ. ಹೀಗಾಗಿ ವಿಮಾನದಲ್ಲಿ ಕುಳಿತ ಮಗು ಮುಳ್ಳಯ್ಯನಗಿರಿಯ ನೆತ್ತಿಯಲ್ಲೋ ಅದಕ್ಕೂ ಮೇಲೋ ಹತ್ತಾರು ಗಂಟೆ ಉಸಿರಾಡುತ್ತಿರುತ್ತದೆ ಎನ್ನಬಹುದು. 8 ಸಾವಿರ ಅಡಿಯ ಎತ್ತರದಲ್ಲಿ ದೇಹಕ್ಕೆ ದೊರೆಯುವ ಆಮ್ಲಜನಕ, ಸಮುದ್ರಮಟ್ಟದಲ್ಲಿ ಶೇ 21ರ ಬದಲು ಶೇ 15ರಷ್ಟು ಆಮ್ಲಜನಕವಿರುವ ಗಾಳಿ ಸೇವಿಸಿದುದಕ್ಕೆ ಸಮ. ಆರೋಗ್ಯವಂತ ಮಗು ಇದನ್ನು ತಾಳಿಕೊಳ್ಳುತ್ತದೆ. ಅವಧಿಗೆ ಮುನ್ನ ಹುಟ್ಟಿದ, ಶ್ವಾಸಕೋಶ ಅಥವಾ ಹೃದಯದ ತೊಂದರೆಯಿರುವ, ತೀವ್ರ ರಕ್ತಹೀನತೆಯಿರುವ ಮಗುವಿನ ವಿಷಯದಲ್ಲಿ ಮಾತ್ರ ಟಿಕೆಟ್ ಕೊಳ್ಳುವ ಮೊದಲೇ ವೈದ್ಯರನ್ನು ಕಾಣುವುದು ಕಡ್ಡಾಯವೆಂದೇ ತಿಳಿಯಬೇಕು.

ಲಸಿಕೆಯ ಪಟ್ಟಿಯನ್ನೂ ಆಗಲೇ ತೋರಿಸಬೇಕು. ನಮ್ಮಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಮೊದಲ ಡೋಸನ್ನು 9 ತಿಂಗಳು ತುಂಬಿದಾಗ ನೀಡಲಾಗುತ್ತದೆ. ವಿದೇಶ ಪ್ರಯಾಣ ಮಾಡುವ 6ರಿಂದ 11 ತಿಂಗಳ ಶಿಶುಗಳಿಗೆ ದಡಾರದ ಒಂದು ಡೋಸನ್ನು ಮುಂಚಿತವಾಗಿಯೇ ಕೊಡಿಸಬೇಕೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೇಳುತ್ತದೆ. ಇದು ಹೆಚ್ಚುವರಿ ಡೋಸ್. ವರ್ಷ ತುಂಬಿದ ಮೇಲಿನ ಎರಡು ಡೋಸುಗಳು ಅಲ್ಲಿನ ವೇಳಾಪಟ್ಟಿಯಂತೆ ಉಳಿದೇ ಇರುತ್ತವೆ.

ಕೂಸಿಗೂ ಬೇಕು ಪಾಸ್‌ಪೋರ್ಟ್

ತಾಯಿಯ ಪಾಸ್‌ಪೋರ್ಟಿನಲ್ಲಿ ಮಗುವಿನ ಹೆಸರು ಸೇರಿಸಿ ಸಾಗುವ ಕಾಲ ಈಗಿಲ್ಲ. ಒಂದು ತಿಂಗಳ ಕೂಸಿಗೂ ಪ್ರತ್ಯೇಕ ಪಾಸ್‌ಪೋರ್ಟ್ ಅಗತ್ಯ. ಚಿಕ್ಕಮಕ್ಕಳ ಭಾರತೀಯ ಪಾಸ್‌ಪೋರ್ಟ್ 5 ವರ್ಷ ಮಾತ್ರ ಚಾಲ್ತಿಯಲ್ಲಿರುತ್ತದೆ. ತಂದೆ-ತಾಯಿ ಇಬ್ಬರೂ ಸಹಿ ಮಾಡಿದ ‘ಅನುಬಂಧ ಡಿ’ ಘೋಷಣೆಯನ್ನು ಅರ್ಜಿಯೊಡನೆ ಸಲ್ಲಿಸಬೇಕು. ಪೋಷಕರಲ್ಲಿ ಒಬ್ಬರ ಒಪ್ಪಿಗೆ ದೊರೆಯದ ಸಂದರ್ಭಕ್ಕೆ ‘ಅನುಬಂಧ ಸಿ’ ಇದೆ. 2025ರಲ್ಲಿ ತಿದ್ದುಪಡಿಯಾದ ನಿಯಮದ ಪ್ರಕಾರ, 2023ರ ಅಕ್ಟೋಬರ್ 1 ಮತ್ತು ಅನಂತರ ಹುಟ್ಟಿದವರಿಗೆ ಹುಟ್ಟಿದ ದಿನಾಂಕದ ಪುರಾವೆಯಾಗಿ ಜನನ ಪ್ರಮಾಣಪತ್ರವೊಂದೇ ಮಾನ್ಯ. ಆದ್ದರಿಂದ ಆಸ್ಪತ್ರೆಯಿಂದ ಮನೆಗೆ ಬಂದೊಡನೆ ಆ ಪತ್ರವನ್ನು ಪಡೆದು, ಹೆಸರಿನ ಅಕ್ಷರಗಳು ಸರಿಯಾಗಿವೆಯೇ ಎಂದು ನೋಡಿಕೊಳ್ಳುವುದು ಜಾಣತನ. ಅಕ್ಷರದೋಷ ತಿದ್ದಿಸಲು ಹಿಡಿಯುವ ಸಮಯವೇ ಅನೇಕರ ಪ್ರಯಾಣವನ್ನು ಮುಂದೂಡಿಸುತ್ತದೆ.

ಬೆಂಗಳೂರಿಗೇ ಬರಬೇಕೆಂಬ ನಿರ್ಬಂಧವೂ ಈಗಿಲ್ಲ. ಅಂಚೆ ಕಚೇರಿಯಲ್ಲಿಯೇ ಪಾಸ್‌ಪೋರ್ಟ್ ಸೇವೆ ನೀಡುವ ಯೋಜನೆ 2017ರ ಜನವರಿಯಲ್ಲಿ ದೇಶದಲ್ಲೇ ಮೊದಲಿಗೆ ಆರಂಭವಾದದ್ದು ಮೈಸೂರು ಮತ್ತು ಗುಜರಾತಿನ ದಾಹೋದ್‌ನಲ್ಲಿ. ಬಳಿಕ ಅದು ಹಲವು ಜಿಲ್ಲೆಗಳಿಗೆ ವಿಸ್ತರಿಸಿದೆ.

ಅಮೆರಿಕದ ಪಾಸ್‌ಪೋರ್ಟ್ ಹೊಂದಿರುವ ಮಗು ಭಾರತಕ್ಕೆ ಬರಲು ವೀಸಾ ಇಲ್ಲವೇ ಸಾಗರೋತ್ತರ ಭಾರತೀಯ ನಾಗರಿಕ, ಅಂದರೆ ಓಸಿಐ ಕಾರ್ಡ್ ಬೇಕು. ‘ನಮ್ಮದೇ ಮಗುವಲ್ಲವೇ’ ಎಂಬ ಮಾತು ವಿಮಾನ ಸಂಸ್ಥೆಯ ಕೌಂಟರಿನಲ್ಲಿ ನಡೆಯುವುದಿಲ್ಲ. 16 ವರ್ಷದೊಳಗಿನವರ ಅಮೆರಿಕದ ಪಾಸ್‌ಪೋರ್ಟ್ ಸಹ 5 ವರ್ಷಕ್ಕೆ ಮುಗಿಯುತ್ತದೆ. 2021ರ ಏಪ್ರಿಲ್‌ನ ಸಡಿಲಿಕೆಯ ಬಳಿಕ, ಪ್ರತಿ ಬಾರಿ ಹೊಸ ಪಾಸ್‌ಪೋರ್ಟ್ ಪಡೆದಾಗಲೂ ಮಕ್ಕಳ ಓಸಿಐ ಕಾರ್ಡನ್ನು ಮರುಮುದ್ರಿಸಬೇಕಿಲ್ಲ. ಆದರೆ ಹೊಸ ಪಾಸ್‌ಪೋರ್ಟಿನ ಪ್ರತಿ ಹಾಗೂ ಹೊಸ ಭಾವಚಿತ್ರವನ್ನು ಅಂತರಜಾಲದ ಮೂಲಕ ಸಲ್ಲಿಸಬೇಕು.

ತಾಯಿ ಅಥವಾ ತಂದೆ ಒಬ್ಬರೇ ಮಗುವಿನೊಡನೆ ಹೊರಟಿದ್ದರೆ, ಮತ್ತೊಬ್ಬರು ಸಹಿ ಮಾಡಿ ನೋಟರಿಯಿಂದ ದೃಢೀಕರಿಸಿದ ಒಪ್ಪಿಗೆ ಪತ್ರವನ್ನು ಕೈಚೀಲದಲ್ಲಿ ಇಟ್ಟುಕೊಳ್ಳಬೇಕು. ಮಕ್ಕಳ ಅಪಹರಣ ತಡೆಯುವ ದೃಷ್ಟಿಯಿಂದ ಅಮೆರಿಕದ ಗಡಿ ಅಧಿಕಾರಿಗಳು ಇಂಥ ಪತ್ರ ಇಟ್ಟುಕೊಳ್ಳುವಂತೆ ಶಿಫಾರಸು ಮಾಡುತ್ತಾರೆ. ಅಜ್ಜ-ಅಜ್ಜಿಯರು ಮೊಮ್ಮಗುವನ್ನು ಕರೆದೊಯ್ಯುವುದಾದರೆ ತಂದೆ-ತಾಯಿ ಇಬ್ಬರ ಪತ್ರವೂ ಇರಲಿ.

ಟಿಕೆಟ್ಟಿನ ಲೆಕ್ಕಾಚಾರ

ಎರಡು ವರ್ಷ ತುಂಬದ ಮಗು ಮಡಿಲಲ್ಲಿ ಕುಳಿತು ಹೋಗಬಹುದು. ಅಂತರರಾಷ್ಟ್ರೀಯ ಹಾರಾಟದಲ್ಲಿ ಇದಕ್ಕೆ ಸಾಮಾನ್ಯವಾಗಿ ವಯಸ್ಕರ ಪ್ರಯಾಣದರದ ಶೇ 10ರಷ್ಟು ಹಾಗೂ ತೆರಿಗೆಗಳನ್ನು ತೆರಬೇಕು. ಹೋಗುವಾಗ 22 ತಿಂಗಳಿದ್ದು ಬರುವಷ್ಟರಲ್ಲಿ ಎರಡು ವರ್ಷ ದಾಟುವ ಮಗುವಿಗೆ ಮರುಪ್ರಯಾಣದಲ್ಲಿ ಪ್ರತ್ಯೇಕ ಆಸನ ಕೊಳ್ಳಲೇಬೇಕು. ಇದನ್ನು ಮೊದಲೇ ಲೆಕ್ಕ ಹಾಕದವರು ಕೊನೆಗಳಿಗೆಯಲ್ಲಿ ದುಬಾರಿ ದರ ತೆರಬೇಕಾಗುತ್ತದೆ.

ವಿಭಜಕ ಗೋಡೆಯೆದುರಿನ ಸಾಲಿನಲ್ಲಿ ತೂಗುಹಾಕುವ ಪುಟ್ಟ ತೊಟ್ಟಿಲನ್ನು ‘ಬ್ಯಾಸಿನೆಟ್’ ಎನ್ನುತ್ತಾರೆ. ಅದು ತಾಳುವ ತೂಕ ಸಾಮಾನ್ಯವಾಗಿ 10-11 ಕಿಲೋ. ಸಂಸ್ಥೆಯಿಂದ ಸಂಸ್ಥೆಗೆ ಇದು ವ್ಯತ್ಯಾಸವಾಗುತ್ತದೆ. ವಿಮಾನವೊಂದರಲ್ಲಿ ಅಂಥ ಜಾಗಗಳು ಕೆಲವೇ ಇರುವುದರಿಂದ ಟಿಕೆಟ್ ಕೊಂಡ ದಿನವೇ ಕೋರಿಕೆ ಸಲ್ಲಿಸಬೇಕು. ನಡುವೆ ವಿಮಾನ ಬದಲಾಗುವುದಾದರೆ ಎರಡನೆಯದರಲ್ಲಿಯೂ ಕಾಯ್ದಿರಿಸಲಾಗಿದೆಯೇ ಎಂದು ಕೇಳಿಕೊಳ್ಳಬೇಕು. ಏರುವಾಗ, ಇಳಿಯುವಾಗ, ವಿಮಾನ ಕುಲುಕುವಾಗ ಮಗುವನ್ನು ತೊಟ್ಟಿಲಿನಿಂದ ಎತ್ತಿಕೊಳ್ಳಬೇಕಾದ್ದರಿಂದ ನಿದ್ದೆ ಆಗಾಗ ಕೆಡುವುದಂತೂ ನಿಶ್ಚಿತ.

ಎರಡು ವರ್ಷ ದಾಟಿದ ಮಗುವಿನ ಆಸನ ಪೋಷಕರಿಂದ ದೂರ ಬೀಳುವ ಆತಂಕವಿತ್ತು. ಒಂದೇ ಪಿಎನ್‌ಆರ್ ಸಂಖ್ಯೆಯಲ್ಲಿ ಪ್ರಯಾಣಿಸುವ 12 ವರ್ಷದೊಳಗಿನ ಮಕ್ಕಳಿಗೆ ತಂದೆ, ತಾಯಿ ಅಥವಾ ಪಾಲಕರಲ್ಲಿ ಒಬ್ಬರ ಪಕ್ಕದಲ್ಲಾದರೂ ಆಸನ ಕೊಡಬೇಕೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು (ಡಿಜಿಸಿಎ) 2024ರ ಏಪ್ರಿಲ್‌ನಲ್ಲಿ ಸಂಸ್ಥೆಗಳಿಗೆ ಸೂಚಿಸಿದೆ. ಎಲ್ಲರ ಟಿಕೆಟ್ಟನ್ನೂ ಒಟ್ಟಿಗೇ ಕೊಳ್ಳಬೇಕೆನ್ನುವುದು ಇದಕ್ಕಾಗಿಯೇ.

ಮಡಿಲು ಎಷ್ಟು ಭದ್ರ?

ತಾಯಿಯ ಮಡಿಲಿಗಿಂತ ಸುರಕ್ಷಿತ ತಾಣವಿಲ್ಲ ಎಂಬ ನಂಬಿಕೆ ನೆಲದ ಮೇಲೆ ನಿಜ. ಆಕಾಶದಲ್ಲಿ ಅದಕ್ಕೊಂದು ಮಿತಿಯಿದೆ.

1989ರ ಜುಲೈ 19ರಂದು ಡೆನ್ವರ್‌ನಿಂದ ಷಿಕಾಗೋಗೆ ಹೊರಟಿದ್ದ ಯುನೈಟೆಡ್ ಏರ್‌ಲೈನ್ಸ್‌ನ 232ನೇ ಸಂಖ್ಯೆಯ ವಿಮಾನ, ಬಾಲದ ಎಂಜಿನ್ ಸಿಡಿದು ನಿಯಂತ್ರಣ ಕಳೆದುಕೊಂಡು ಅಯೋವಾ ರಾಜ್ಯದ ಸೂ ಸಿಟಿಯಲ್ಲಿ ಅಪ್ಪಳಿಸಿತು. ಅದರಲ್ಲಿದ್ದ 296 ಮಂದಿಯಲ್ಲಿ 112 ಮಂದಿ ಅಸುನೀಗಿದರು. ಮಡಿಲಲ್ಲಿ ಪಯಣಿಸುತ್ತಿದ್ದ ಎಳೆಯ ಮಕ್ಕಳು ನಾಲ್ವರು. ಮಕ್ಕಳನ್ನು ಕಾಲ ಬಳಿ ನೆಲದ ಮೇಲೆ ಇರಿಸಿ ಹಿಡಿದುಕೊಳ್ಳುವಂತೆ ಅಂದಿನ ನಿಯಮದಂತೆ ಗಗನಸಖಿಯರ ಮುಖ್ಯಸ್ಥೆ ಜಾನ್ ಬ್ರೌನ್ ಪೋಷಕರಿಗೆ ಸೂಚಿಸಿದ್ದರು. ಅಪ್ಪಳಿಸಿದ ರಭಸಕ್ಕೆ ಯಾವ ತೋಳೂ ಸಾಲಲಿಲ್ಲ. ಒಂದು ಮಗು ಮೃತಪಟ್ಟಿತು. ಕೈತಪ್ಪಿ ಹೋದ ಇನ್ನೊಂದು ಮಗುವಿನ ಅಳು ಕೇಳಿಸಿಕೊಂಡ ಸಹಪ್ರಯಾಣಿಕರೊಬ್ಬರು ಹೊಗೆ ತುಂಬಿದ ಅವಶೇಷದೊಳಕ್ಕೆ ಮರಳಿ ಹೋಗಿ, ಸಾಮಾನಿನ ಕಪಾಟಿನಲ್ಲಿ ಸಿಕ್ಕಿದ್ದ ಅದನ್ನು ಎತ್ತಿ ತಂದರು. ಬದುಕುಳಿದ ಜಾನ್ ಬ್ರೌನ್, ಪ್ರತಿ ಮಗುವಿಗೂ ಪ್ರತ್ಯೇಕ ಆಸನ ಮತ್ತು ಪಟ್ಟಿ ಕಡ್ಡಾಯವಾಗಬೇಕೆಂದು ಬಳಿಕ ವರ್ಷಗಟ್ಟಲೆ ಹೋರಾಡಿದರು.

ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿಯೂ ಇದನ್ನೇ ಶಿಫಾರಸು ಮಾಡಿತು. ಆದರೆ ಅಲ್ಲಿನ ವಿಮಾನಯಾನ ಪ್ರಾಧಿಕಾರ ಕಡ್ಡಾಯಗೊಳಿಸಲಿಲ್ಲ. ಟಿಕೆಟ್ ದುಬಾರಿಯಾದರೆ ಕುಟುಂಬಗಳು ಕಾರಿನಲ್ಲಿ ಹೊರಡುತ್ತವೆ, ರಸ್ತೆಯಲ್ಲಿ ಸಾಯುವ ಮಕ್ಕಳ ಸಂಖ್ಯೆ ಹೆಚ್ಚುತ್ತದೆ ಎಂಬುದು ಅದರ ವಾದ. ಅದೇ ಪ್ರಾಧಿಕಾರ, ಮಗುವಿಗೆ ಅತ್ಯಂತ ಸುರಕ್ಷಿತ ಜಾಗ ಪ್ರತ್ಯೇಕ ಆಸನದಲ್ಲಿ ಕಟ್ಟಿದ ಮಕ್ಕಳ ಕುರ್ಚಿಯೇ ಹೊರತು ಪೋಷಕರ ಮಡಿಲಲ್ಲ ಎಂದೂ ಹೇಳುತ್ತದೆ.

ಅಪಘಾತಗಳು ಅಪರೂಪ. ವಿಮಾನ ಕುಲುಕುವುದು ಅಪರೂಪವಲ್ಲ. 2024ರ ಮೇ 21ರಂದು ಲಂಡನ್ನಿನಿಂದ ಸಿಂಗಪುರಕ್ಕೆ ಹೊರಟಿದ್ದ ಸಿಂಗಪುರ ಏರ್‌ಲೈನ್ಸ್ ವಿಮಾನ ಮ್ಯಾನ್ಮಾರ್ ಮೇಲೆ ತೀವ್ರ ಕುಲುಕಾಟಕ್ಕೆ ಸಿಲುಕಿ ಬ್ಯಾಂಕಾಕಿನಲ್ಲಿ ಇಳಿಯಿತು. ಒಬ್ಬ ಪ್ರಯಾಣಿಕರು ಮೃತಪಟ್ಟು ಹಲವರು ಗಾಯಗೊಂಡರು. ಪ್ರಾಥಮಿಕ ತನಿಖೆಯಂತೆ, 0.6 ಸೆಕೆಂಡಿನಲ್ಲಿ ಗುರುತ್ವದ ಪ್ರಮಾಣ +1.35ರಿಂದ -1.5ಕ್ಕೆ ಇಳಿದಿತ್ತು. ಆ ಗಳಿಗೆಯಲ್ಲಿ 10 ಕಿಲೋ ತೂಕದ ಮಗುವೊಂದು 15 ಕಿಲೋ ಭಾರದಷ್ಟು ಬಲದಿಂದ ಮೇಲ್ಛಾವಣಿಯತ್ತ ಸೆಳೆಯಲ್ಪಡುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ನಡೆದುಹೋಗುವ ಇದನ್ನು ನಿದ್ದೆಗಣ್ಣಿನ ತಾಯಿಯ ತೋಳುಗಳು ತಡೆದಾವೆಂದು ನೆಚ್ಚುವಂತಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಕೈಲಾದವರು ಮಗುವಿಗೂ ಆಸನ ಕೊಂಡು, ವಿಮಾನದಲ್ಲಿ ಬಳಸಲು ಮಾನ್ಯವೆಂಬ ಮುದ್ರೆಯಿರುವ ಕಾರ್ ಸೀಟ್ ಒಯ್ಯಬೇಕು. 10ರಿಂದ 20 ಕಿಲೋ ತೂಕದ, ಒಂದು ವರ್ಷ ದಾಟಿದ ಮಕ್ಕಳಿಗೆ ‘ಕೇರ್ಸ್’ ಎಂಬ ಹಗುರ ಪಟ್ಟಿಯೂ ಇದೆ. ಎರಡನ್ನೂ ಬಳಸಲು ಸಂಸ್ಥೆಯ ಅನುಮತಿಯನ್ನು ಮೊದಲೇ ಪಡೆಯಬೇಕು. ಅಷ್ಟು ವೆಚ್ಚ ಸಾಧ್ಯವಿಲ್ಲದವರು, ತಾಯಿಯ ಪಟ್ಟಿಗೆ ಜೋಡಿಸುವ ಶಿಶುಪಟ್ಟಿಯನ್ನು ಗಗನಸಖಿಯರಿಂದ ಕೇಳಿ ಪಡೆಯಬಹುದು. ಅನೇಕ ದೇಶಗಳ ವಿಮಾನಗಳಲ್ಲಿ ಇದು ದೊರೆಯುತ್ತದೆ. ಅಮೆರಿಕದ ಸಂಸ್ಥೆಗಳಲ್ಲಿ ಇದಕ್ಕೆ ಅವಕಾಶವಿಲ್ಲ. ಯಾವ ಕಾರಣಕ್ಕೂ ತನ್ನ ಪಟ್ಟಿಯೊಳಗೇ ಮಗುವನ್ನೂ ಸೇರಿಸಿ ಕಟ್ಟಿಕೊಳ್ಳಬಾರದು. ವಿಮಾನ ಜಗ್ಗಿದಾಗ ತಾಯಿಯ ಇಡೀ ಭಾರ ಮಗುವಿನ ಹೊಟ್ಟೆಯ ಮೇಲೆ ಬೀಳುತ್ತದೆ.

ಕಿವಿಯ ನೋವು, ಇಳಿಯುವಾಗಲೇ ಹೆಚ್ಚು

ಶಿರಾಡಿ ಅಥವಾ ಚಾರ್ಮಾಡಿ ಘಾಟಿ ಇಳಿದವರಿಗೆಲ್ಲ ಕಿವಿ ಕಟ್ಟಿದಂತಾಗುವ ಅನುಭವವಿದೆ. ವಿಮಾನದಲ್ಲಿ ಆಗುವುದೂ ಅದೇ. ತಮಟೆಯ ಹಿಂದಿನ ಮಧ್ಯಕಿವಿಯಿಂದ ಗಂಟಲಿಗೆ ಒಂದು ಸಣ್ಣ ಕೊಳವೆಯಿದೆ. ವಿಮಾನ ಏರುವಾಗ ಒಳಗಿನ ಗಾಳಿ ಹಿಗ್ಗಿ ಆ ಕೊಳವೆಯ ಮೂಲಕ ತಾನಾಗಿಯೇ ಹೊರಬೀಳುತ್ತದೆ. ಇಳಿಯುವಾಗ ಹೊರಗಿನ ಒತ್ತಡ ಹೆಚ್ಚಾಗಿ ತಮಟೆ ಒಳಕ್ಕೆ ಸೆಳೆಯಲ್ಪಡುತ್ತದೆ. ಆಗ ಗಾಳಿ ಒಳಹೋಗಬೇಕಾದರೆ ಕೊಳವೆಯನ್ನು ಸ್ನಾಯುಗಳೇ ತೆರೆಯಬೇಕು. ನುಂಗುವಾಗ ಆ ಸ್ನಾಯುಗಳು ಕೆಲಸ ಮಾಡುತ್ತವೆ. ದೊಡ್ಡವರು ಉಗುಳು ನುಂಗಿ, ಆಕಳಿಸಿ ಪಾರಾಗುತ್ತಾರೆ. ಎಳೆಯರ ಕೊಳವೆ ಕಿರಿದು, ಮೋಟು ಮತ್ತು ಹೆಚ್ಚು ಅಡ್ಡಡ್ಡವಾಗಿರುವುದರಿಂದ ಸುಲಭವಾಗಿ ತೆರೆದುಕೊಳ್ಳದು.

ಮದ್ದು ಸರಳ. ಇಳಿಯುವಾಗ ಎದೆಹಾಲು, ಬಾಟಲಿ ಅಥವಾ ಚೀಪುವ ನಿಪ್ಪಲ್ ಕೊಡುವುದು. ದೊಡ್ಡ ಮಗುವಿಗಾದರೆ ಗುಟುಕು ಗುಟುಕಾಗಿ ನೀರು. ಆದರೆ ಸಮಯ ಮುಖ್ಯ. ಗಾಲಿ ನೆಲ ಮುಟ್ಟುವ ಕೊನೆಯ ಐದು ನಿಮಿಷವಲ್ಲ, ಸುಮಾರು ಅರ್ಧ ಗಂಟೆ ಮೊದಲು ವಿಮಾನ ಇಳಿಯಲು ತೊಡಗಿದಾಗಲೇ ಆರಂಭಿಸಬೇಕು. ಅದಕ್ಕೆ ತುಸು ಮೊದಲು ಹೊಟ್ಟೆ ತುಂಬ ಉಣಿಸಿಬಿಟ್ಟರೆ ಮಗು ಆಗ ಬಾಯಿ ತೆರೆಯುವುದೇ ಇಲ್ಲ. ನಿದ್ದೆಯಲ್ಲಿ ನುಂಗುವುದು ಕಡಿಮೆಯಾದ್ದರಿಂದ ಮಲಗಿದ್ದರೆ ಮೆಲ್ಲನೆ ಎಬ್ಬಿಸುವುದು ಲೇಸು.

ಇಲ್ಲೊಂದು ಸೂಕ್ಷ್ಮವಿದೆ. ದೇವನಹಳ್ಳಿಯ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 3 ಸಾವಿರ ಅಡಿ ಎತ್ತರದಲ್ಲಿದೆ. ದುಬೈ, ಸಿಂಗಪುರ, ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣಗಳು ಕಡಲ ಮಟ್ಟದಲ್ಲಿಯೇ ಇವೆ. ಆದ್ದರಿಂದ ಬೆಂಗಳೂರಿನಲ್ಲಿ ಇಳಿಯುವಾಗಿನ ಒತ್ತಡ ಬದಲಾವಣೆಗಿಂತ ಅಲ್ಲಿ ಇಳಿಯುವಾಗಿನ ಬದಲಾವಣೆ ಹೆಚ್ಚು. ‘ಬರುವಾಗ ಸುಮ್ಮನಿದ್ದ ಮಗು ಹೋಗುವಾಗ ಚೀರಿತು’ ಎಂದು ಅಚ್ಚರಿಪಡುವವರಿಗೆ ಇದೂ ಒಂದು ಕಾರಣವಾಗಿರಬಹುದು.

ನೆಗಡಿಯಿಂದ ಮೂಗು ಕಟ್ಟಿದ್ದರೆ, ಕಿವಿ ಸೋರುತ್ತಿದ್ದರೆ ಈ ಕೊಳವೆ ಮುಚ್ಚಿಯೇ ಇರುತ್ತದೆ. ಆಗ ತೀವ್ರ ನೋವು, ಕೆಲವೊಮ್ಮೆ ತಮಟೆಗೇ ಗಾಯವಾಗುವ ಸಂಭವವಿದೆ. ಹೊರಡುವ ಒಂದೆರಡು ದಿನ ಮೊದಲು ವೈದ್ಯರಿಗೆ ಕಿವಿ ತೋರಿಸುವುದು ಒಳಿತು.

ನಿದ್ದೆ ಬರಿಸುವ ಮದ್ದು ಬೇಡವೇ ಬೇಡ

‘ಒಂದು ಚಮಚ ನೆಗಡಿ ಸಿರಪ್ ಕುಡಿಸಿ, ಇಳಿಯುವವರೆಗೆ ಮಲಗಿರುತ್ತದೆ’ ಎಂಬ ಉಪದೇಶ ನೆಂಟರಿಂದ, ಗೆಳತಿಯರಿಂದ ಧಾರಾಳವಾಗಿ ಸಿಗುತ್ತದೆ. ಇಡೀ ಪ್ರಯಾಣದಲ್ಲಿ ಪೋಷಕರು ಮಾಡಬಹುದಾದ ಅತ್ಯಂತ ಅಪಾಯಕಾರಿ ಕೆಲಸ ಇದು. ಮಂಪರು ಬರಿಸುವ ಪ್ರೊಮೆಥಜೀನ್ ಔಷಧದಿಂದ ಎರಡು ವರ್ಷದೊಳಗಿನ ಮಕ್ಕಳ ಉಸಿರಾಟ ಕುಂದಿ ಪ್ರಾಣಕ್ಕೆ ಎರವಾಗಬಹುದೆಂದು ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ 2004ರಲ್ಲಿಯೇ ಎಚ್ಚರಿಸಿದೆ. ನಮ್ಮಲ್ಲಿ ಕ್ಲೋರ್‌ಫೆನಿರಮೈನ್ ಮತ್ತು ಫಿನೈಲ್‌ಎಫ್ರಿನ್ ಬೆರೆತ ನೆಗಡಿ ಔಷಧವನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಔಷಧ ಮಹಾನಿಯಂತ್ರಕರು 2023ರ ಡಿಸೆಂಬರ್‌ನಲ್ಲಿ ಸೂಚಿಸಿದ್ದಾರೆ.

ನೆಲದ ಮೇಲೆಯೇ ಅಪಾಯವಿರುವ ಮದ್ದು, ಆಮ್ಲಜನಕ ಕಡಿಮೆಯಿರುವ ವಿಮಾನದೊಳಗೆ ಇನ್ನಷ್ಟು ಅಪಾಯ. ಮೇಲಾಗಿ ಕೆಲವು ಮಕ್ಕಳಲ್ಲಿ ಇವು ನಿದ್ದೆಯ ಬದಲು ವಿಪರೀತ ಚಡಪಡಿಕೆ ತರುತ್ತವೆ. ಜಾಯಿಕಾಯಿ ತೇಯ್ದು ನೆಕ್ಕಿಸುವ ಮನೆಮದ್ದಿಗೂ ಇದೇ ಮಾತು. ಅದರ ಪ್ರಮಾಣ ಹೆಚ್ಚಾದರೆ ನಂಜಾಗುತ್ತದೆ. ಸಾಗರದ ಮೇಲೆ ಹಾರುವಾಗ ಆಸ್ಪತ್ರೆ ಕೈಗೆಟುಕುವುದಿಲ್ಲ ಎಂಬುದು ನೆನಪಿರಲಿ. ಜ್ವರಕ್ಕೆ ಪ್ಯಾರಾಸಿಟಮಾಲನ್ನು ಮಗುವಿನ ತೂಕಕ್ಕೆ ತಕ್ಕ ಪ್ರಮಾಣ ವೈದ್ಯರಿಂದ ಬರೆಸಿಕೊಂಡು, ಓಆರ್‌ಎಸ್ ಪೊಟ್ಟಣದೊಡನೆ ಕೈಚೀಲದಲ್ಲಿಟ್ಟುಕೊಂಡರೆ ಸಾಕು.

ಹಾಲು, ರಾಗಿ ಸರಿ ಮತ್ತು ತಪಾಸಣೆ

ದ್ರವ ಸ್ಫೋಟಕಗಳಿಂದ ವಿಮಾನಗಳನ್ನು ಉರುಳಿಸುವ ಸಂಚು 2006ರ ಆಗಸ್ಟ್‌ನಲ್ಲಿ ಲಂಡನ್ನಿನಲ್ಲಿ ಬಯಲಾದ ಮೇಲೆ ಕೈಚೀಲದ ದ್ರವಗಳಿಗೆ 100 ಮಿಲಿಲೀಟರಿನ ಮಿತಿ ಬಂತು. ಮಗುವಿನ ಹಾಲು, ಎದೆಹಾಲು, ಆಹಾರಕ್ಕೆ ಪ್ರಯಾಣಕ್ಕೆ ಬೇಕಾಗುವಷ್ಟರ ಮಟ್ಟಿಗೆ ವಿನಾಯಿತಿಯಿದೆ. ಅವುಗಳನ್ನು ಬೇರೆ ಚೀಲದಲ್ಲಿಟ್ಟು ತಪಾಸಣಾ ಸಿಬ್ಬಂದಿಗೆ ಮೊದಲೇ ತಿಳಿಸಬೇಕು. ವಿಮಾನ ಬದಲಿಸುವ ನಿಲ್ದಾಣದಲ್ಲಿ ಮತ್ತೊಮ್ಮೆ ತಪಾಸಣೆ ನಡೆಯುವುದರಿಂದ ಒಳಗೆ ಕೊಂಡ ನೀರಿನ ಬಾಟಲಿ ಅಲ್ಲಿ ಉಳಿಯದಿರಬಹುದು.

ಅಮೆರಿಕಕ್ಕೆ ಹಾರುವ ವಿಮಾನಗಳಲ್ಲಿ 350 ಮಿಲಿಲೀಟರಿಗಿಂತ ಹೆಚ್ಚು ಪ್ರಮಾಣದ ಪುಡಿ ಪದಾರ್ಥಗಳಿಗೆ 2018ರ ಜೂನ್ ಅಂತ್ಯದಿಂದ ಹೆಚ್ಚುವರಿ ತಪಾಸಣೆ ಆರಂಭವಾಯಿತು. ಡಬ್ಬದ ಹಾಲಿನ ಪುಡಿಗೆ ರಿಯಾಯಿತಿಯಿದ್ದರೂ ಎರಡು ಕಿಲೋ ರಾಗಿಹಿಟ್ಟು ಪ್ರಶ್ನೆಗೆ ಎಡೆಮಾಡಬಹುದು. ದಾರಿಗೆ ಬೇಕಾದಷ್ಟನ್ನು ಪುಟ್ಟ ಡಬ್ಬಿಗಳಲ್ಲಿ ಕೈಯಲ್ಲಿಟ್ಟುಕೊಂಡು ಉಳಿದದ್ದನ್ನು ದೊಡ್ಡ ಪೆಟ್ಟಿಗೆಗೆ ಸೇರಿಸುವುದೇ ಸರಿ. ಬಿಸಿನೀರನ್ನು ಗಗನಸಖಿಯರು ಕೊಡುತ್ತಾರೆ. ಹೊಸ ತಿನಿಸನ್ನು ಮೊದಲ ಬಾರಿಗೆ ವಿಮಾನದಲ್ಲಿ ತಿನ್ನಿಸಿ ನೋಡಬಾರದು.

ಡಯಾಪರುಗಳ ಲೆಕ್ಕ ಎರಡು-ಮೂರು ಗಂಟೆಗೆ ಒಂದರಂತೆ ಇರಲಿ. ಅದರ ಮೇಲೆ ವಿಮಾನ ತಡವಾದರೆಂದು ಒಂದು ದಿನದ ಹೆಚ್ಚಿನ ದಾಸ್ತಾನು. ಮಗುವಿಗೆ ಮೂರು ಜೊತೆ ಬಟ್ಟೆ ಇಟ್ಟುಕೊಳ್ಳುವವರು ತಮಗೊಂದು ಜೊತೆ ಇಡುವುದನ್ನು ಮರೆಯುತ್ತಾರೆ. ಮಗು ವಾಂತಿ ಮಾಡುವುದು ತಾಯಿಯ ಹೆಗಲ ಮೇಲೆಯೇ.

ಹಾರಾಟದ ಹೊತ್ತಿನಲ್ಲಿ

ವಿಮಾನದೊಳಗಿನ ಗಾಳಿಯ ತೇವಾಂಶ ಶೇ 20ಕ್ಕಿಂತಲೂ ಕಡಿಮೆ. ಮೂಗು, ತುಟಿ ಒಣಗುತ್ತವೆ. ಆರು ತಿಂಗಳೊಳಗಿನ ಕೂಸಿಗೆ ನೀರು ಬೇಡ, ಹಾಲನ್ನೇ ಹೆಚ್ಚು ಸಲ ಕೊಡಬೇಕು. ಹಾಲೂಡಿಸುವ ತಾಯಿ ತಾನೂ ಸಾಕಷ್ಟು ನೀರು ಕುಡಿಯಬೇಕು.

ಮಡಿಲಲ್ಲಿ ಮಗುವಿರುವಾಗ ಬಿಸಿ ಕಾಫಿ, ಚಹಾ ತರಿಸಿಕೊಳ್ಳಬಾರದು. ಒಂದು ಸಣ್ಣ ಕುಲುಕು ಸಾಕು, ಎಳೆಯ ಚರ್ಮ ಸುಟ್ಟುಹೋಗುತ್ತದೆ. ಮಗುವನ್ನು ನಡೆದಾಡುವ ಹಾದಿಯ ಬದಿಗೆ ಮಲಗಿಸಿದರೆ ಊಟದ ಗಾಡಿ ಕೈಕಾಲಿಗೆ ತಗಲುತ್ತದೆ.

ಇದಕ್ಕಿಂತ ಗಂಭೀರವಾದುದು ತಾಯಿಯ ತೂಕಡಿಕೆ. ಮಗುವನ್ನು ಎದೆಗವಚಿಕೊಂಡೇ ಗಾಢನಿದ್ದೆಗೆ ಜಾರಿದರೆ ಅದರ ಮೂಗು-ಬಾಯಿ ಬಟ್ಟೆಗೋ ಕಂಬಳಿಗೋ ಒತ್ತಿ ಉಸಿರು ಕಟ್ಟುವ ಅಪಾಯವುಂಟು. ಇಬ್ಬರಿದ್ದರೆ ಸರದಿಯಂತೆ ನಿದ್ರಿಸಬೇಕು. ಒಬ್ಬಳೇ ತಾಯಿಯಾದರೆ ತೊಟ್ಟಿಲಾಗಲಿ, ಮಗುವಿಗೆ ಪ್ರತ್ಯೇಕ ಆಸನವಾಗಲಿ ಸೌಕರ್ಯವಲ್ಲ, ಅಗತ್ಯ.

ಆಮ್ಲಜನಕದ ಮುಖವಾಡವನ್ನು ಮೊದಲು ತಾವು ಧರಿಸಿ ಆಮೇಲೆ ಮಗುವಿಗೆ ತೊಡಿಸಬೇಕೆಂಬ ಸೂಚನೆ ಅನೇಕ ತಾಯಂದಿರಿಗೆ ಕಟುವೆನಿಸುತ್ತದೆ. ಆದರೆ 35 ಸಾವಿರ ಅಡಿಯಲ್ಲಿ ಒತ್ತಡ ಕುಸಿದರೆ ಪ್ರಜ್ಞೆಯಿಂದ ಕೆಲಸ ಮಾಡಲು ಸಿಗುವ ಸಮಯ ಒಂದು ನಿಮಿಷಕ್ಕಿಂತಲೂ ಕಡಿಮೆ. ಕೊಸರಾಡುವ ಮಗುವಿಗೆ ತೊಡಿಸುತ್ತಲೇ ತಾಯಿ ಪ್ರಜ್ಞೆ ತಪ್ಪಿದರೆ ಇಬ್ಬರನ್ನೂ ಕಾಯುವವರಿರುವುದಿಲ್ಲ.

ಅಳುವ ಮಗು, ಸಿಡುಕುವ ನೆರೆಯವರು

ಎಷ್ಟೇ ಸಿದ್ಧತೆ ಮಾಡಿಕೊಂಡರೂ ಮಗು ಅಳುತ್ತದೆ. ಹಸಿವು, ಕಿವಿ, ನಿದ್ದೆಗೇಡು, ಬೆಳಕು, ಅಪರಿಚಿತ ಮುಖಗಳು, ಕಾರಣ ಏನೂ ಇರಬಹುದು. ಅಳುವಾಗ ಮಗು ನುಂಗುತ್ತದೆ, ಬಾಯಿ ಅಗಲಿಸುತ್ತದೆ. ಅದರಿಂದ ಕಿವಿಯ ಒತ್ತಡ ಇಳಿಯುವುದೂ ಉಂಟು. ಅಕ್ಕಪಕ್ಕದವರ ನೋಟಕ್ಕೆ ಅಂಜಿ ತಾಯಿ ಕಂಗೆಟ್ಟರೆ ಆ ಕಳವಳ ಮಗುವಿಗೂ ತಗಲುತ್ತದೆ. ಪಟ್ಟಿಯ ಸಂಕೇತ ಆರಿದಾಗ ಎತ್ತಿಕೊಂಡು ನಾಲ್ಕು ಹೆಜ್ಜೆ ಅಡ್ಡಾಡುವುದು, ಒಂದೊಂದು ಗಂಟೆಗೆ ಒಂದೊಂದು ಆಟಿಕೆ ಹೊರತೆಗೆಯುವುದು, ಮನೆಯಲ್ಲಿ ಹೊದೆಯುವ ಹಳೆಯ ಸೀರೆಯ ತುಂಡನ್ನೇ ಹೊದಿಸುವುದು, ಇವೆಲ್ಲ ಎಷ್ಟೋ ಬಾರಿ ಫಲಿಸುತ್ತವೆ.

ಸಹಪ್ರಯಾಣಿಕರಿಗೂ ಒಂದು ಮಾತು. ಒಬ್ಬಳೇ ತಾಯಿ ಶೌಚಾಲಯಕ್ಕೆ ಹೋಗಲೂ ಪರದಾಡುವ ಆ ಹೊತ್ತಿನಲ್ಲಿ, ಮೇಲಿನ ಕಪಾಟಿನಿಂದ ಚೀಲ ಇಳಿಸಿಕೊಡುವ ಒಂದು ಕೈ ದೊಡ್ಡ ಆಸರೆ.

ಇಳಿದ ಮೇಲೆ

ವಿಮಾನದಲ್ಲಿ ಉಳಿದ ಬಾಳೆಹಣ್ಣನ್ನು ಚೀಲದಲ್ಲಿಟ್ಟುಕೊಂಡು ಇಳಿಯಬಾರದು. ಅಮೆರಿಕದಲ್ಲಿ ತಾಜಾ ಹಣ್ಣು, ಕರಿಬೇವಿನ ಸೊಪ್ಪಿಗೆ ಪ್ರವೇಶವಿಲ್ಲ. ತಿನಿಸು ಏನೇ ಇದ್ದರೂ ಘೋಷಿಸಬೇಕು. ಘೋಷಿಸಿದ್ದನ್ನು ಹೆಚ್ಚೆಂದರೆ ತೆಗೆದಿರಿಸುತ್ತಾರೆ, ಮುಚ್ಚಿಟ್ಟರೆ ದಂಡ.

ನಿಲ್ದಾಣದಿಂದ ಮನೆಗೆ ಹೋಗುವ ಕಾರಿನಲ್ಲಿ ಮಗುವನ್ನು ಮಡಿಲಲ್ಲಿಟ್ಟುಕೊಳ್ಳುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 8 ವರ್ಷದೊಳಗಿನ ಮಕ್ಕಳಿಗೆ ಸೂಕ್ತ ಕುರ್ಚಿ ಕಡ್ಡಾಯ. ಎರಡು ವರ್ಷದೊಳಗಿನವರನ್ನು ಸಾಮಾನ್ಯವಾಗಿ ಹಿಮ್ಮುಖವಾಗಿ ಕೂರಿಸಬೇಕು. ಕರೆದೊಯ್ಯಲು ಬರುವವರು ಕುರ್ಚಿಯೊಡನೆ ಬರುವಂತೆ ಮೊದಲೇ ತಿಳಿಸಬೇಕು, ಇಲ್ಲವೇ ಒಯ್ದಿರಬೇಕು. ಮಗುವಿನ ಕುರ್ಚಿ ಮತ್ತು ತಳ್ಳುಗಾಡಿಯನ್ನು ಬಹಳಷ್ಟು ಸಂಸ್ಥೆಗಳು ಶುಲ್ಕವಿಲ್ಲದೆ ಸಾಗಿಸುತ್ತವೆ.

ಕೊನೆಯದು ನಿದ್ದೆ. ಸ್ಯಾನ್ ಫ್ರಾನ್ಸಿಸ್ಕೋ ನಮಗಿಂತ ಬೇಸಿಗೆಯಲ್ಲಿ ಹನ್ನೆರಡೂವರೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದಿದೆ. ಹಗಲು ರಾತ್ರಿಯಾಗಿ, ರಾತ್ರಿ ಹಗಲಾಗುತ್ತದೆ. ಮೂರು ತಿಂಗಳೊಳಗಿನ ಕೂಸಿಗೆ ದೇಹದ ಗಡಿಯಾರ ಇನ್ನೂ ಕುದುರಿರದ ಕಾರಣ ಹೆಚ್ಚು ತೊಂದರೆಯಾಗದು. ಅದಕ್ಕಿಂತ ದೊಡ್ಡ ಮಕ್ಕಳು ನಡುರಾತ್ರಿ ಎರಡಕ್ಕೆ ಎದ್ದು ಆಡಲು ಕೂರುತ್ತಾರೆ. ದೇಹದ ಗಡಿಯಾರ ದಿನದಿನಕ್ಕೆ ಸ್ವಲ್ಪಸ್ವಲ್ಪವೇ ಸರಿಯುವುದರಿಂದ ಒಂದು ವಾರದಿಂದ ಹತ್ತು ದಿನ ಹಿಡಿದೀತು. ಹಗಲಿನಲ್ಲಿ ಬಿಸಿಲಿಗೆ ಕರೆದೊಯ್ಯುವುದು, ಅಲ್ಲಿನ ಹೊತ್ತಿಗೆ ಊಟ ಮಾಡಿಸುವುದು, ರಾತ್ರಿ ಎದ್ದರೂ ದೀಪ ಹಚ್ಚದೆ, ಟಿವಿ ಹಾಕದೆ ಮಂದ ಬೆಳಕಿನಲ್ಲಿಯೇ ಸಂತೈಸುವುದು, ಇಷ್ಟೇ ಇದಕ್ಕೆ ಚಿಕಿತ್ಸೆ. ಆ ಒಂದು ವಾರ ಮನೆಯಲ್ಲಿರುವವರು ರಾತ್ರಿಯ ಸರದಿ ಹಂಚಿಕೊಂಡರೆ, ಸಾವಿರಾರು ಮೈಲಿ ಮಗುವನ್ನು ಹೊತ್ತು ತಂದ ತಾಯಿಗೂ ದಣಿವಾರಿಸಿಕೊಳ್ಳಲು ಬಿಡುವು ದೊರೆಯುತ್ತದೆ.